ಮೀನಿನ ವಾಸನೆ ಗೊತ್ತಿಲ್ಲದವಳು

ಮದುವೆಯಾಗಿ ಹುಕ್ಕೇರಿಯಿಂದ ಮೂಡಲಗಿಗೆ ಬಂದ ಎರಡನೆಯ ವರ್ಷ ನನಗೆ ಬಿಳಿ ಹೋಗಲು ಶುರುವಾಯಿತು. ತೊಂಬತ್ತರ ದಶಕದ ಕೊನೆಯ ಮಾತು. ತೆಳ್ಳಗೆ ನೀರಿನಂತೆ ಹೋಗುತ್ತಿತ್ತು, ಜೊತೆಗೆ ಒಂದು ವಾಸನೆ. ಯಾರಿಗೆ ಹೇಳುವುದು? ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನಮ್ಮದು ಜೈನರ ಮನೆ. ಅತ್ತೆ ನೀರನ್ನೂ ಸೋಸಿ ಕುಡಿಯುವವರು. ನನಗೆ ತಿಳಿದ ಮದ್ದು ತೊಳೆಯುವುದೊಂದೇ. ದಿನಕ್ಕೆ ಮೂರು ಸಲ ಬಚ್ಚಲಿಗೆ ಹೋಗಿ ಸಾಬೂನು ಹಚ್ಚಿ ಒಳಗಿನವರೆಗೂ ತೊಳೆದೆ. ತೊಳೆದಷ್ಟೂ ಹೆಚ್ಚಾಯಿತು.

ಗಂಡ ಹತ್ತಿರ ಬಂದರೆ ತಲೆನೋವೆಂದು ಸರಿಯುತ್ತಿದ್ದೆ. ಗೊತ್ತಾದರೆ ಅಸಹ್ಯಪಟ್ಟಾರು ಎಂಬ ಹೆದರಿಕೆ. ಅಷ್ಟರಲ್ಲಿ, ಒಗೆಯುವ ಕಲ್ಲಿನ ಬಳಿ ನನ್ನ ಬಟ್ಟೆ ನೋಡಿ ಅತ್ತೆಗೆ ಗೊತ್ತಾಯಿತು. ಇದು ತವರಿನಿಂದ ತಂದ ರೋಗ, ನಿನಗೂ ಹಚ್ಚುತ್ತಾಳೆ, ಸೋಮವಾರ ಇವಳನ್ನು ಹುಕ್ಕೇರಿಗೆ ಬಿಟ್ಟು ಬಾ ಎಂದು ಪಡಸಾಲೆಯಲ್ಲೇ ಮಗನಿಗೆ ಹೇಳಿದರು. ಹಾಗೆ ತವರಿಗೆ ಬಿಟ್ಟುಬಂದ ಹೆಣ್ಣುಮಕ್ಕಳು ಎಷ್ಟು ಜನ ತಿರುಗಿ ಬಂದರೆಂಬುದು ನನಗೆ ಗೊತ್ತಿತ್ತು. ಗಂಡ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವರ ಆ ಮೌನಕ್ಕೆ ನನಗೆ ಮೈಯೆಲ್ಲ ಉರಿಯಿತು.

ಸೋಮವಾರ ಬಸ್ಸು ಹತ್ತಿದೆವು. ಅವರು ಹುಕ್ಕೇರಿಯ ಬದಲು ಗೋಕಾಕದ ಟಿಕೀಟು ತೆಗೆಸಿದಾಗಲೇ ತಿಳಿದದ್ದು, ದವಾಖಾನೆಗೆ ಹೊರಟಿದ್ದೇವೆಂದು.

ಡಾಕ್ಟರಮ್ಮ ಕರಾವಳಿ ಕಡೆಯವರು. ಮೊದಲ ಪ್ರಶ್ನೆಯೇ ಮೀನಿನ ವಾಸನೆ ಬರುತ್ತದೆಯೇ ಎಂಬುದು. ನನ್ನ ಕುಲವನ್ನೇ ಅನುಮಾನಿಸಿದರೆಂದು ಸಿಟ್ಟು ನೆತ್ತಿಗೇರಿತು.

"ನಾವು ಜೈನರ ಅದೇವ್ರಿ. ನಮ್ಮ ಮನ್ಯಾಗ ಉಳ್ಳಾಗಡ್ಡಿನೂ ತಿನ್ನೂದಿಲ್ಲ," ಎಂದೆ.

ಅವರು ನಕ್ಕು, ಪರೀಕ್ಷೆ ಮಾಡಿ, ನಿಧಾನವಾಗಿ ತಿಳಿಸಿ ಹೇಳಿದರು. ಹಾಲನ್ನು ಮೊಸರು ಮಾಡುವಂಥ ಒಳ್ಳೆಯ ಕ್ರಿಮಿಗಳು ಒಳಗಿರುತ್ತವಂತೆ. ಅವು ಕಡಿಮೆಯಾದರೆ ಬೇರೆಯವು ಹೆಚ್ಚಿ ಈ ವಾಸನೆ. ಒಳಗೆ ತೊಳೆಯುವುದರಿಂದಲೂ ಹಾಗಾಗುತ್ತದಂತೆ. ಏಳು ದಿನದ ಗುಳಿಗೆ ಕೊಟ್ಟು, ಸಾಬೂನು ಬಿಡು ಎಂದರು. ನಾನು ಗಂಡನಿಗೆ ಹಚ್ಚುತ್ತೇನೆಯೇ ಎಂದು ಕೇಳಿದೆ. ಗಂಡ ಹೆಂಡತಿಯ ಕೂಡುವಿಕೆಗೂ ಇದಕ್ಕೂ ನಂಟಿದೆ, ಗಂಡಸಿನಿಂದ ಹೆಂಗಸಿಗೂ ಬರಬಹುದು, ಪೂರ್ತಿ ಯಾರಿಗೂ ತಿಳಿದಿಲ್ಲ, ತಪ್ಪಂತೂ ಯಾರದೂ ಅಲ್ಲ ಎಂದರು.

ಹೊರಗೆ ಬೇವಿನ ಮರದ ಕೆಳಗೆ ಎಲ್ಲವನ್ನೂ ಗಂಡನಿಗೆ ಹೇಳಿದೆ, ಮೀನಿನ ಮಾತನ್ನೂ. ಇಲ್ಲೇ ಕೂತಿರು ಎಂದು ಹೋದವರು ಅರ್ಧ ತಾಸಿಗೆ ಬಂದರು, ಮೂಗಿಗೆ ಟವೆಲ್ಲು ಹಿಡಿದುಕೊಂಡೇ. ಹುಟ್ಟಿದಾಗಿನಿಂದ ಆ ಓಣಿಗೆ ಕಾಲಿಡದ ಮನುಷ್ಯ ಮೀನಿನ ಸಂತೆಗೆ ಹೋಗಿ ಬಂದಿದ್ದರು.

"ಖರೆ ಐತಿ, ಅದ ವಾಸನಿ," ಎಂದರು. "ನನಗ ಎರಡ ತಿಂಗಳದಿಂದ ಗೊತ್ತಿತ್ತು. ನೀನ ಹೇಳ್ತಿ ಅಂತ ಸುಮ್ಮಕಿದ್ದೆ."

ನನಗೆ ನಗು ಬಂತು, ನಗುತ್ತಲೇ ಅತ್ತುಬಿಟ್ಟೆ. ಎರಡು ತಿಂಗಳು ನಾನು ಬಚ್ಚಲಲ್ಲಿ ಯಾರಿಂದ ಬಚ್ಚಿಟ್ಟುಕೊಂಡಿದ್ದೆನೋ!

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಇವಳನ್ನು ಯಾಕೆ ತಿರುಗಿ ಕರೆತಂದೆ ಎಂದು ಕೇಳಿದರು. ತಾಯಿಗೆ ಎಂದೂ ಎದುರಾಡದ ಗಂಡ ಚಪ್ಪಲಿ ಬಿಡುತ್ತಾ ಹೇಳಿದರು:

"ಅವ್ವಾ, ಅದು ನನ್ನಿಂದನೂ ಬಂದಿರಬಹುದಂತ. ಕಳಸೂದಾದ್ರ ಇಬ್ಬರನ್ನೂ ಕಳಸು."

ಅತ್ತೆ ಬಾಗಿಲು ಬಿಟ್ಟು ಸರಿದರು. ಆಮೇಲೆ ಆ ಮಾತು ಎತ್ತಲಿಲ್ಲ.

ಆರು ತಿಂಗಳಿಗೆ ಅದು ತಿರುಗಿ ಬಂತು. ಬೆಳಿಗ್ಗೆ ನನಗೆ ಗೊತ್ತಾಯಿತು, ಮಧ್ಯಾಹ್ನ ಊಟಕ್ಕೆ ಬಂದ ಗಂಡನಿಗೆ ರೊಟ್ಟಿ ಬಡಿಸುತ್ತಲೇ ಹೇಳಿದೆ.