ಅರ್ಜಿಯ ಹಿಂಬದಿಯ ಹೆಸರುಗಳು

ಮುಂಬಯಿಯ ಗ್ರಾಂಟ್ ರೋಡಿನ ನಮ್ಮ ಹೋಟೆಲಿನ ಧಣಿಯನ್ನು ನೆನೆದರೆ ಮೊದಲು ಕಾಣುವುದು ಅವರ ಅಂಗೈ. ತಿಂಗಳ ಸಂಬಳ ನಮ್ಮ ಕೈಗಿಟ್ಟು, ಮರುಕ್ಷಣವೇ ಅಂಗೈ ಚಾಚಿ, "ಇತ್ತ ಕೊಡು ಮಾರಾಯ, ಊರಿಗೆ ಹೋಗುವಾಗ ಕೊಡ್ತೇನೆ. ಬ್ಯಾಂಕಲ್ಲಿದ್ದದ್ದು ಎಲ್ಲಿಗೆ ಹೋಗ್ತದೆ?" ಎನ್ನುತ್ತಿದ್ದರು. ಒಂದೇ ಖೋಲಿಯಲ್ಲಿ ಮಲಗುವ ಹನ್ನೊಂದು ಮಂದಿಗೆ ದುಡ್ಡಿಡಲು ಬೇರೆ ಜಾಗವಾದರೂ ಎಲ್ಲಿತ್ತು?

ಐವತ್ತರ ದಶಕದ ಒಂದು ಬೇಸಗೆಯಲ್ಲಿ ಧಣಿ ನಮ್ಮ ದುಡ್ಡಿಟ್ಟಿದ್ದ ಆ ಬ್ಯಾಂಕು ಬಾಗಿಲು ಹಾಕಿತು. ಠೇವಣಿಗೆ ವಿಮೆ ಎಂಬುದು ಆಗ ಇರಲಿಲ್ಲ. ಬ್ಯಾಂಕಿನ ಆಸ್ತಿ ಮಾರಿ ಬಂದದ್ದನ್ನು ಹಂಚುವ ಕಚೇರಿಗೆ ಅರ್ಜಿ ಹಾಕಬೇಕಿತ್ತು. ರಾತ್ರಿಶಾಲೆಯಲ್ಲಿ ನಾಲ್ಕಕ್ಷರ ಇಂಗ್ಲಿಷ್ ಕಲಿತಿದ್ದೆನೆಂದು ಧಣಿ ನನ್ನನ್ನು ಕರೆದೊಯ್ದರು. ಅವರನ್ನು ಮನಸ್ಸಿನಲ್ಲೇ ಬೈಯುತ್ತ ಹೋದೆ.

ಖಾತೆದಾರರ ಹೆಸರು ಬರೆಯುವಲ್ಲಿ ಅವರು ನಮ್ಮೆಲ್ಲರ ಹೆಸರು ಹೇಳತೊಡಗಿದರು, ಅಡುಗೆಭಟ್ಟರಿಂದ ಹಿಡಿದು ಗ್ಲಾಸು ತೊಳೆಯುವವನ ತನಕ. ಗುಮಾಸ್ತ ತಲೆಯೆತ್ತದೆ, "ಖಾತಾ ಹೋಟೆಲ್ ಕಾ ಹೈ. ಏಕ್ ಹೀ ನಾಮ್ ಲಿಖೋ" ಎಂದ. ಖಾತೆ ಹೋಟೆಲಿನದು, ಒಂದೇ ಹೆಸರು ಬರೆಯಬೇಕಂತೆ.

"ಹಾಗಾದ್ರೆ ಕಾಗದದ ಹಿಂದೆ ಬರಿ," ಎಂದರು ನನಗೆ. ಬರೆದೆ. ಓದಲು ಬಾರದಿದ್ದರೂ ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಹನ್ನೊಂದು ಎಣಿಸಿದರು. ಅವರ ಹೆಸರು ಅದರಲ್ಲಿರಲಿಲ್ಲ.

ಕೊನೆಗೆ ರೂಪಾಯಿಗೆ ನಾಲ್ಕಾಣೆಯೂ ಬರಲಿಲ್ಲ. ಬಂದಷ್ಟನ್ನೂ ನಮಗೇ ಹಂಚಿದರು.

ಮುಂದಿನ ತಿಂಗಳು ಸಂಬಳ ಕೊಟ್ಟಾಗ, ನಾನೇ ಅದನ್ನು ಅವರತ್ತ ಚಾಚಿ, "ನಿಮ್ಮ ಹತ್ರವೇ ಇರಲಿ ಧಣಿ," ಎಂದೆ.

ಅವರು ಮಾಸ್ತರರ ಬೆತ್ತ ಕಂಡವರ ಹಾಗೆ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.