ಪದ್ಮಾ ಹಾಕಿದ ಅರ್ಥಿಂಗ್

ಒಂದು ವೈರು ಕೀಳುವುದಿತ್ತು, ಕೀಳಲಿಲ್ಲ. ನನ್ನ ತಪ್ಪು ಇಷ್ಟೇ ಅಂದುಕೊಂಡು ಬಹಳ ವರ್ಷ ಕಳೆದೆ. ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಮೊನ್ನೆ ಮೂಡಲಗಿಯ ನಮ್ಮ ಅಂಗಡಿಗೆ ಫೈಬರ್ ಡಬ್ಬಿ ಬಂತು. ಹಸಿರು ದೀಪ ಹತ್ತಿತು, ಇಂಟರ್ನೆಟ್ ಬಂತು, ಒಂದು ಸಪ್ಪಳವಿಲ್ಲ. ನನಗೇಕೋ ಕಸಿವಿಸಿಯಾಯಿತು. ನಿಮಗೂ ನೆನಪಿರಬಹುದು, ಹಳೆಯ ಮೋಡೆಮ್ ಚೀರಿ, ಕೆಮ್ಮಿ, ಗೊರಗೊರ ಅಂದು ಆಮೇಲೆ ಒಲಿಯುತ್ತಿತ್ತು. ನನ್ನ ತಂಗಿ ಪದ್ಮಾ ಅದರ ಜೊತೆಗೇ ಗುನುಗುತ್ತಿದ್ದಳು. ಅರ್ಧಕ್ಕೇ ತಲೆಯಾಡಿಸಿ, "ಇದು ಹತ್ತಂಗಿಲ್ಲ ದಾದಾ, ಲೈನಿನ್ಯಾಗ ನೀರ ಹೊಕ್ಕೈತಿ" ಅನ್ನುವಳು. ಹತ್ತುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಅಣ್ಣನಿಗೆ ದಾದಾ ಅನ್ನುತ್ತಾರೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟ ಈ ದಾದಾನಿಗೆ ಅವಳು ಎಲ್ಲ ಬಿಡಿಸಿ ಹೇಳುವಳು. ರೂಟರ್ ಅಂದರೆ ಗೋಕಾಕ ಬಸ್ ಸ್ಟ್ಯಾಂಡಿನ ಕಂಟ್ರೋಲರ್, ಯಾವುದು ಎಲ್ಲಿಗೆ ಹೋಗಬೇಕೆಂದು ಕಳಿಸುವವನು. ಫೈರ್‌ವಾಲ್ ಅಂದರೆ ನಮ್ಮ ಆಯಿ, ಯಾರು ಏನು ಎಂದು ಕೇಳದೆ ಒಳಗೆ ಬಿಡುವವಳಲ್ಲ.

"ಮತ್ತ ವಿಪಿಎನ್?"

"ಮಂದಿ ನಡುವ ನಾವಿಬ್ರೂ ಮರಾಠಿ ಮಾತಾಡ್ತೀವಲ್ಲ, ಹಂಗ."

"ಇಲ್ಲಿ ಎಲ್ಲಾರಿಗೂ ಮರಾಠಿ ಬರ್ತೈತಿ."

"ಅದಕ್ಕ ಪಾಸ್‌ವರ್ಡ್ ಹಾಕೂದು, ಶ್ಯಾಣ್ಯಾ."

ಒಂದು ಸೊಸೈಟಿಯ ಗೋಕಾಕ, ಮೂಡಲಗಿ, ಹುಕ್ಕೇರಿ ಶಾಖೆಗಳನ್ನು ಹೀಗೆ ಜೋಡಿಸುವ ಕೆಲಸ ಅವಳಿಗೆ ಸಿಕ್ಕಿತು. ಮೂಡಲಗಿಯದು ನಮ್ಮ ಅಂಗಡಿಯ ಬಾಜೂಕ್ಕೇ. ಸಿಡಿಲು ನೆಲಕ್ಕಿಳಿಯಲೆಂದು ಆ ಶಾಖೆಯ ಹಿತ್ತಲಲ್ಲಿ ತಾನೇ ನಿಂತು ಗುಂಡಿ ತೋಡಿಸಿ, ಉಪ್ಪು ಇದ್ದಿಲು ತುಂಬಿ ಅರ್ಥಿಂಗ್ ಹಾಕಿಸಿದಳು. "ನಾ ಹುಕ್ಕೇರಿಗೆ ಹೊಂಟೀನಿ. ಗುಡುಗಿದ್ರ ಮೊದಲ ಮೋಡೆಮ್ಮಿನ ಫೋನ್ ವೈರ್ ಕೀಳು. ಚಾ ಆಮ್ಯಾಲ."

ಗುಡುಗಿತು. ನಾನು ಚಹಾದಂಗಡಿಯಲ್ಲಿದ್ದೆ. ಧುಪದಾಳದ ಒಡ್ಡಿನ ಮೇಲೆ ನೀರು ಹರಿದಿದೆಯೋ ಇಲ್ಲವೋ ಎಂಬ ವಾದ ಜೋರಾಗಿತ್ತು. ಎರಡನೇ ವಾಟಿ ಮುಗಿಸಿ ಶಾಖೆಗೆ ಹೋಗುವಷ್ಟರಲ್ಲಿ ಸಿಡಿಲು ಬಡಿದು, ಒಳಗೆಲ್ಲ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಆಗ ವೈರು ಕಿತ್ತೆ.

ಸಂಜೆ ಬಂದವಳು ಕೇಳಿದಳು, "ವೈರ್ ಕಿತ್ತಿದ್ದಿ ಹೌದಲ್ಲ ದಾದಾ?"

"ಕಣ್ಣಿಗೆ ಕಾಣವಲ್ದೇನು?" ಅಂದೆ.

ಅವಳಿಗೆ ನನ್ನ ಮೇಲೆ ಅನುಮಾನ ಬರಲಿಲ್ಲ, ತನ್ನ ಮೇಲೆ ಬಂತು. ಫೋನಿನ ಕಡೆಯಿಂದ ಅಲ್ಲವೆಂದರೆ ಸಿಡಿಲು ಕರೆಂಟಿನ ಕಡೆಯಿಂದ ಬಂದಿದೆ, ಹಾಗಾದರೆ ತನ್ನ ಅರ್ಥಿಂಗೇ ಕಚ್ಚಾ. ಸೊಸೈಟಿಯವರ ಮುಂದೆ ತಾನೇ ಹೋಗಿ, "ತಪ್ಪ ನಂದೈತ್ರಿ" ಎಂದು ಕೆಲಸ ಬಿಟ್ಟುಕೊಟ್ಟಳು. ನಾನು ಬಾಗಿಲಲ್ಲಿ ಅವಳ ಚಪ್ಪಲಿ ಕಾಯುತ್ತ ನಿಂತಿದ್ದೆ. ಮುಂದೆ ಹುಕ್ಕೇರಿಗೆ ಮದುವೆಯಾಗಿ ಹೋದಳು, ಹೊಲಿಗೆ ಹಿಡಿದಳು. ಮತ್ತೆ ಆ ವೈರುಗಳನ್ನು ಮುಟ್ಟಲಿಲ್ಲ. ಆ ಗುನುಗು ನಾನು ಮತ್ತೆ ಕೇಳಲಿಲ್ಲ. ಹೊಲಿಗೆ ಮಷಿನ್ನಿನ ಮುಂದೆಯಾದರೂ ಗುನುಗುತ್ತಾಳೇನೋ ಎಂದು ಹೋದಾಗಲೆಲ್ಲ ಕಿವಿಗೊಡುತ್ತೇನೆ. ಇಲ್ಲ.

ನಿನ್ನೆ ಬಂದಿದ್ದಳು. ಹೊಸ ಡಬ್ಬಿಯನ್ನು ದೂರದಿಂದಲೇ ನೋಡಿದಳು. ಮಧ್ಯಾಹ್ನ ಗುಡುಗಿತು. ಮಾತಿನ ನಡುವೆಯೇ ಎದ್ದು ಹೋಗಿ ಅದರ ಪ್ಲಗ್ ಕಿತ್ತಳು.

"ಇಲ್ಲಿ ಅರ್ಥಿಂಗ್ ಹಾಕಿದಾಕಿ ನಾ ಅಲ್ಲ, ಆದ್ರೂ ಅಂಜಿಕಿ ಬರ್ತೈತಿ ನೋಡು" ಎಂದು ನಕ್ಕಳು.

ಪ್ಲಗ್ಗು ಇನ್ನೂ ಅವಳ ಕೈಯಲ್ಲೇ ಇತ್ತು.

"ಪದ್ಮಾ, ಅವತ್ತ ನಾ ವೈರ್ ಕಿತ್ತಿದ್ದು ಸಿಡಿಲ ಬಡದ ಮ್ಯಾಲ. ನಿನ್ನ ಅರ್ಥಿಂಗ್ ಬರೋಬರಿ ಇತ್ತವಾ. ತಪ್ಪ ನಂದು. ಮಾಫ್ ಮಾಡು."