ಕವರ್ ಬಿಚ್ಚದ ಕುರ್ಚಿ

ಹೋದ ತಿಂಗಳು ಬಾಗಲಕೋಟೆಯ ನವನಗರಕ್ಕೆ ಒಂದು ಕುರ್ಚಿ ಕೊಳ್ಳಲು ಹೋಗಿದ್ದೆ. ಸೊಂಟನೋವಿಗೆ ಡಾಕ್ಟರು ಕೊಟ್ಟ ಗುಳಿಗೆಗಳಿಗಿಂತ ಅವರು ಕೊನೆಗೆ ಹೇಳಿದ ಮಾತೇ ನನ್ನನ್ನು ಹೆಚ್ಚು ಕಾಡಿತ್ತು. ಒಳ್ಳೆಯ ಕುರ್ಚಿ ತೆಗೆದುಕೊಳ್ಳಿ ಎಂದಿದ್ದರು. ಅಂದಿನಿಂದ ನನಗೆ ಕುರ್ಚಿಯದೇ ಚಿಂತೆ. ಗಾಲಿ ಇದ್ದದ್ದು ಜಾರಿದರೆ? ತಿರುಗುವ ಕುರ್ಚಿಯ ಕೆಳಗೆ ಗಾಳಿ ತುಂಬಿದ ಕೊಳವೆ ಇರುತ್ತದಂತೆ, ಅದು ಸಿಡಿದರೆ? ನನ್ನ ಯಜಮಾನರು ಇದನ್ನೆಲ್ಲ ಶಾಂತವಾಗಿ ಕೇಳಿ, ‘ಮೊದಲ ಕುರ್ಚಿಗಿ ವಿಮಾ ಮಾಡಸೂಣು, ಕುಂದ್ರಾಕಿ ನೀ ಇದ್ದಿ’ ಎಂದರು.

ಅಂಗಡಿಯವನು ಮೂಲೆಯಲ್ಲಿದ್ದ ಒಂದು ಕಪ್ಪು ಕುರ್ಚಿಯನ್ನು ನನ್ನ ಮುಂದೆ ಎಳೆದು ತಂದ. ಅದರ ಮೈತುಂಬ ಪ್ಲಾಸ್ಟಿಕ್ ಕವರ್. ಹೊಸ ರೆಕ್ಸಿನ್ನು, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕು ಎರಡೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಇಪ್ಪತ್ತು ವರ್ಷ ಹಿಂದಿನ ಒಂದು ಪಂಚಾಯಿತಿ ಕಚೇರಿಯಲ್ಲಿ ನಿಂತಿದ್ದೆ. ಕುಂತು ನೋಡ್ರಿ ಅಕ್ಕಾರ, ಎಂದು ಅವನು ಹೇಳುತ್ತಲೇ ಇದ್ದ. ನನಗೆ ಕೂರಲಾಗಲಿಲ್ಲ...

ಹುನಗುಂದದಿಂದ ಕಮತಗಿಯ ಕಡೆಗೆ ಹೋಗುವ ರಸ್ತೆಯಲ್ಲಿ ಆ ಊರು. ನಾನು ಇಳಕಲ್ಲಿನ ನೇಕಾರರ ಮನೆಯ ಮಗಳು. ಮಗ್ಗದ ಸದ್ದಿನಿಂದ ತಪ್ಪಿಸಿಕೊಂಡರೆ ಸಾಕು ಎಂದು ಸಿಕ್ಕ ಮೊದಲ ಕೆಲಸಕ್ಕೆ ಹೌದೆಂದವಳು. ಪಂಚಾಯಿತಿಯಲ್ಲಿ ಕ್ಲರ್ಕು. ದಿನಾ ಬೆಳಿಗ್ಗೆ ಇಳಕಲ್ಲಿನ ಬಸ್ಸು, ಸಂಜೆ ಮತ್ತೆ ಅದೇ ಬಸ್ಸು. ಬಸ್ಸು ತಪ್ಪಿದರೆ ಏನು ಗತಿ ಎಂಬ ಚಿಂತೆ ಬೆಳಗಿನದು, ಬಸ್ಸು ಸಿಕ್ಕಿ ಅದು ಕೆಟ್ಟು ನಿಂತರೆ ಎಂಬ ಚಿಂತೆ ಸಂಜೆಯದು. ನಡುವಿನ ಹೊತ್ತಿಗೂ ಒಂದು ಇತ್ತು. ಕಚೇರಿಯಲ್ಲಿ ಹೆಣ್ಣುಮಕ್ಕಳು ಹೋಗುವಂಥ ಪಾಯಖಾನೆ ಇರಲಿಲ್ಲ. ಅವ್ವ ಕಟ್ಟಿಕೊಟ್ಟ ನೀರಿನ ಬಾಟಲಿ ಹೇಗೆ ತುಂಬಿ ಬರುತ್ತಿತ್ತೋ ಹಾಗೆಯೇ ತುಂಬಿಕೊಂಡು ಇಳಕಲ್ಲಿಗೆ ಮರಳುತ್ತಿತ್ತು.

ನಾನು ಸೇರಿದ ವರ್ಷವೇ ಅಧ್ಯಕ್ಷ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾಗಿ ಬಂದಿತ್ತು. ಊರಿನ ಹಿರಿಯ ಸದಸ್ಯರೊಬ್ಬರಿದ್ದರು. ಕುರಿಗಾರರ ಮನೆತನದ ಯಜಮಾನರು, ಬೀರಪ್ಪನ ಭಕ್ತರು, ಹಣೆಯ ಮೇಲೆ ಸದಾ ಭಂಡಾರದ ಅರಿಶಿನ. ಆ ಸಲ ತಾವು ಅಧ್ಯಕ್ಷರಾಗಬೇಕೆಂದು ವರ್ಷಗಳಿಂದ ಕಾದಿದ್ದವರು. ಕಾಯ್ದೆ ಅಡ್ಡ ಬಂದಾಗ ಅವರು ಜಗಳಾಡಲಿಲ್ಲ. ಪಕ್ಕದ ವಾರ್ಡಿನಿಂದ ಸೊಸೆಯನ್ನು ನಿಲ್ಲಿಸಿ ಗೆಲ್ಲಿಸಿ ತಂದರು. ಆಕೆಯ ಗಂಡ ವರ್ಷದ ಬಹುಪಾಲು ಕುರಿ ಹಿಂಡಿನ ಹಿಂದೆ ಹೊಳೆದಂಡೆಯ ಊರುಗಳಲ್ಲಿ ಇರುತ್ತಿದ್ದ. ಕಚೇರಿಯಲ್ಲಿ ನಾನು ಆಕೆಯನ್ನು ಅಧ್ಯಕ್ಷರೇ ಎನ್ನುತ್ತಿದ್ದೆ, ಹೊರಗೆ ಅಕ್ಕ. ಆಕೆಗೆ ನಾನು ಎಲ್ಲ ಕಡೆಯೂ ತಂಗಿ.

ಹೊಸ ಅಧ್ಯಕ್ಷರ ಗೌರವಕ್ಕೆಂದು ಕಾರ್ಯದರ್ಶಿಗಳು ಒಂದು ತಿರುಗುವ ಕುರ್ಚಿ ತರಿಸಿದ್ದರು. ಮೊದಲ ಸಭೆಯ ದಿನ ಅಕ್ಕ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ ಬಂದಳು, ಕುರ್ಚಿಯ ಬೆನ್ನಿನ ಮೇಲೆ ಒಂದು ಕೈ ಇಟ್ಟಳು, ನಿಂತಳು. ಎಲ್ಲರೂ ಕೂತರು. ಆಕೆ ಕೂರಲಿಲ್ಲ. ಎದುರಿನ ಬೆಂಚಿನ ಮೇಲೆ ಮಾವ ಕೂತಿದ್ದರು. ಅವರ ಮನೆಯಲ್ಲಿ ಸೊಸೆಯಾದವಳು ಮಾವನ ಕಣ್ಣೆದುರು ಕುರ್ಚಿ, ಹೊರಸು ಹೋಗಲಿ, ಚಾಪೆಯ ಮೇಲೂ ಕೂರುವ ಪದ್ಧತಿ ಇರಲಿಲ್ಲ. ಕುರ್ಚಿ ಯಾರಿಗೆ ಎಂದು ಕಾಯ್ದೆಯಲ್ಲಿ ಬರೆದಿತ್ತು. ಮಾವ ಎದುರಿಗಿದ್ದರೆ ಏನು ಮಾಡಬೇಕು ಎಂದು ಬರೆದಿರಲಿಲ್ಲ.

ಹೀಗೆ ಆ ಊರಿನ ಅಧ್ಯಕ್ಷರು ಸಭೆಗಳನ್ನೆಲ್ಲ ನಿಂತೇ ನಡೆಸಿದರು. ಕುರ್ಚಿಯ ಪ್ಲಾಸ್ಟಿಕ್ ಕವರ್ ಹಾಗೇ ಉಳಿಯಿತು. ಮಾವ ಮನುಷ್ಯ ಕೆಟ್ಟವರಲ್ಲ. ಸೊಸೆಯ ಮಾತಿಗೆ ಅಡ್ಡ ಬಂದದ್ದನ್ನು ನಾನು ಕಾಣೆ. ಆದರೆ ಕುಂದ್ರು ಎನ್ನಬೇಕೆಂದು ಅವರಿಗೆ ಹೊಳೆಯಲೇ ಇಲ್ಲ, ಮಳೆಗೆ ನಿಲ್ಲು ಎನ್ನಬೇಕೆಂದು ಯಾರಿಗೂ ಹೊಳೆಯದ ಹಾಗೆ. ಆಯುಧಪೂಜೆಯ ದಿನ ಆಕೆ ಕುರ್ಚಿಗೆ ಭಂಡಾರ ಹಚ್ಚಿ, ಹೂವು ಏರಿಸಿದಾಗ ಊರಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಸದಸ್ಯನೊಬ್ಬ, ‘ಹಿಂಗ ಪೂಜಾ ಆಗ್ಲಿ ಬಿಡ್ರಿ ಅದಕ್ಕ. ಕುಂದ್ರೂದು ಮುಂದಿನ ಜನ್ಮಕ್ಕ ನೋಡಿದ್ರಾತು’ ಎಂದ. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು.

ಒಂದು ಸಂಜೆ ಬಸ್ಸು ಬಾರದೆ ನಾನು ಅಕ್ಕನ ಮನೆಯಲ್ಲಿ ಉಳಿದುಕೊಂಡೆ. ಅವತ್ತು ಹೊಟ್ಟೆಯ ಕೆಳಗೆ ಹಿಡಿದಿಟ್ಟದ್ದು ಇನ್ನು ಆಗದು ಎನ್ನುವಷ್ಟು ಆಗಿತ್ತು. ಅಕ್ಕ ನನ್ನ ಮುಖ ನೋಡಿದವಳೇ ಒಂದು ತಂಬಿಗೆ ನೀರು ಕೊಟ್ಟು ಜೊತೆಗೆ ಕರೆದೊಯ್ದಳು. ಕತ್ತಲಾಗುತ್ತಿತ್ತು. ಓಣಿಯ ಹೆಂಗಸರೆಲ್ಲ ಹುನಗುಂದದ ರಸ್ತೆಯ ಅಂಚಿಗೆ ಸಾಲಾಗಿ ಕೂತಿದ್ದರು. ನಾವೂ ಕೂತೆವು. ಅಷ್ಟರಲ್ಲಿ ತಿರುವಿನಲ್ಲಿ ಲಾರಿಯ ಬೆಳಕು. ಎಲ್ಲರೂ ಒಟ್ಟಿಗೆ ಎದ್ದು ಸೀರೆ ಇಳಿಬಿಟ್ಟು, ರಸ್ತೆಗೆ ಬೆನ್ನು ಹಾಕಿ ನಿಂತರು. ಲಾರಿ ಹೋಯಿತು, ಕೂತೆವು. ಟ್ರ್ಯಾಕ್ಟರು ಬಂತು, ಎದ್ದೆವು. ಸಾಲಿನ ಆ ತುದಿಯಿಂದ ಒಬ್ಬ ಮುದುಕಿ, ಸಾಲ್ಯಾಗ ಮಾಸ್ತರ ಬಂದಂಗ ಏಳಬೇಕ್ ನೋಡ್ರಿ ಲಾರಿಗಿ, ಎಂದಳು. ಸಾಲೆಲ್ಲ ನಕ್ಕಿತು. ಅಕ್ಕ ನಗಲಿಲ್ಲ. ವಾಪಸ್ಸು ಬರುವಾಗ ಕೇಳಿದಳು:

‘ಹಗಲೆಲ್ಲಾ ಪಂಚಾಯ್ತ್ಯಾಗ ನಿಂದರ್ತೇನಿ. ಇಲ್ಲೂ ನಿಂದರಬೇಕೇನು ತಂಗಿ?’

ಆಮೇಲೆ ಆಕೆ ಅದೊಂದರ ಬೆನ್ನು ಹತ್ತಿದಳು. ಊರ ನಡುವೆ, ಹಳೆಯ ಬಾವಿಯ ಪಕ್ಕದಲ್ಲಿ ಪಂಚಾಯಿತಿಯ ಖಾಲಿ ಜಾಗವಿತ್ತು. ಅಲ್ಲಿ ಹೆಣ್ಣುಮಕ್ಕಳಿಗೆ ಎತ್ತರದ ಗೋಡೆಯ, ನೀರಿನ ತೊಟ್ಟಿಯ ಪಾಯಖಾನೆ ಆಗಬೇಕು. ಕಿರಾಣಿ ಅಂಗಡಿಯ ಹಿಂಬಾಗಿಲು ಆ ಜಾಗಕ್ಕೇ ತೆರೆಯುತ್ತಿತ್ತು. ಸದಸ್ಯನ ಖಾಲಿ ಡ್ರಮ್ಮು, ಕಟ್ಟಿಗೆ, ಮುರಿದ ತಕ್ಕಡಿ ಎಲ್ಲ ಅಲ್ಲೇ ಬಿದ್ದಿರುತ್ತಿದ್ದವು. ಅವನು ಬೇಡ ಎನ್ನಲಿಲ್ಲ. ಅವನ ಹೆಂಡತಿಯೂ ರಸ್ತೆಯ ಅಂಚಿಗೇ ಹೋಗುವವಳು, ಹೇಗೆ ಬೇಡ ಎಂದಾನು? ನೋಡೋಣ ಎಂದ.

ಮಂಜೂರಾತಿಗೆ ಅಕ್ಕ ನನ್ನನ್ನು ಕರೆದುಕೊಂಡು ಹುನಗುಂದದ ತಾಲ್ಲೂಕು ಕಚೇರಿಗೆ ಹೋದಳು. ಅಲ್ಲಿ ಸಾಹೇಬರು ಕುಂದರ್ರಿ ಎಂದರು. ಆಕೆ ಕೂತಳು. ನಾನು ಬೆರಗಿನಿಂದ ನೋಡಿದೆ. ಕೂತ ಅಕ್ಕ ಬೇರೆಯೇ ಹೆಂಗಸು. ಮೇಜಿನ ಮೇಲೆ ಮೊಣಕೈ ಊರಿದಳು, ಚಹಾ ಆರಲು ಬಿಟ್ಟು ಮಾತಾಡಿದಳು, ಸಾಹೇಬರು ಅಡ್ಡ ಮಾತು ಶುರು ಮಾಡಿದರೆ ಅದು ಮುಗಿಯುವವರೆಗೆ ಸುಮ್ಮನಿದ್ದು ಮತ್ತೆ ತನ್ನ ಮಾತಿಗೇ ಬಂದಳು. ದನಿಯೂ ಎದೆಯಿಂದ ಬಂದಂತಿತ್ತು. ನಮ್ಮ ಕಚೇರಿಯಲ್ಲಿ ಆ ದನಿಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಸಾಹೇಬರು ಒಪ್ಪಿದರು. ಆದರೆ ಆ ತಿಂಗಳು ಮುಗಿಯುವುದರೊಳಗೆ ಜಾಗ ಕೊಡುವ ಠರಾವು ಸಭೆಯಲ್ಲಿ ಪಾಸಾಗಿ ಬರಬೇಕು, ಇಲ್ಲವಾದರೆ ಮಂಜೂರಾತಿ ಬೇರೆ ಊರಿಗೆ ಹೋಗುತ್ತದೆ ಎಂದರು. ಬಸ್ಸಿನಲ್ಲಿ ಬರುವಾಗ ನಾನು ಏನೇನು ಕೆಡಬಹುದು ಎಂದು ಒಂದೊಂದಾಗಿ ಹೇಳುತ್ತ ಬಂದೆ. ನನ್ನ ಚಿಂತೆಗಳ ಪೈಕಿ ಮುಂದೆ ನಡೆದದ್ದು ಒಂದೂ ಇರಲಿಲ್ಲ. ನನ್ನ ಚಿಂತೆಗಳ ಹಣೆಬರಹವೇ ಅಷ್ಟು.

ಸಭೆಯ ದಿನ ಹೆಂಗಸರು ಬಾಗಿಲಲ್ಲಿ, ಕಿಟಕಿಯಲ್ಲಿ ನೆರೆದಿದ್ದರು. ಸದಸ್ಯರ ಪೈಕಿ ಒಬ್ಬಾಕೆ ಗಂಡನ ಜೊತೆ ಗೋವಾಕ್ಕೆ ಗಾರೆ ಕೆಲಸಕ್ಕೆ ಹೋಗಿದ್ದಳು, ಇನ್ನಿಬ್ಬರು ಮದುವೆಗೆ. ಕೋರಂಗೆ ಎಷ್ಟು ತಲೆ ಬೇಕೋ ಸರಿಯಾಗಿ ಅಷ್ಟೇ ಇದ್ದವು. ನಾನು ಎಣಿಸಿದೆ, ಮತ್ತೆ ಎಣಿಸಿದೆ. ಅಕ್ಕ ಎಂದಿನಂತೆ ಕುರ್ಚಿಯ ಬೆನ್ನು ಹಿಡಿದು ನಿಂತು ವಿಷಯ ಎತ್ತಿದಳು. ಆಗ ಕಿರಾಣಿ ಅಂಗಡಿಯ ಸದಸ್ಯ ಬಹಳ ಮೆತ್ತಗೆ ಒಂದು ಸಂಶಯ ತೆಗೆದ. ಅಧ್ಯಕ್ಷರ ಕುರ್ಚಿ ಖಾಲಿ ಇರುವಾಗ ಮಾಡಿದ ಠರಾವು ನಾಳೆ ಮೇಲಿನವರ ಕಣ್ಣಿಗೆ ನಿಲ್ಲುತ್ತದೆಯೇ? ಊರಿನ ಇಷ್ಟು ದೊಡ್ಡ ಕೆಲಸ, ಸುಮ್ಮನೆ ಕಾಗದದಲ್ಲಿ ಹಾಳಾಗಬಾರದಲ್ಲ?

ಕಾರ್ಯದರ್ಶಿಗಳು ನನಗಿಂತ ದೊಡ್ಡ ಅಂಜುಬುರುಕರು. ಕಾಯ್ದೆಯ ಪುಸ್ತಕ ತಿರುವಿದರು. ಕೂರಬೇಕು ಎಂದೂ ಇರಲಿಲ್ಲ, ನಿಲ್ಲಬಹುದು ಎಂದೂ ಇರಲಿಲ್ಲ. ಕೊನೆಗೆ, ಒಂದೀಟು ಕುಂತ ಬಿಡ್ರಿ ಮೇಡಮ್, ಇದೊಂದಕ್ಕ, ಎಂದರು.

ಅಕ್ಕ ಕೂರಲಿಲ್ಲ. ಕುರ್ಚಿಯ ಮೇಲಿನ ಬೆರಳುಗಳು ಮಾತ್ರ ಪ್ಲಾಸ್ಟಿಕ್ಕನ್ನು ಹಿಂಡುತ್ತಿದ್ದವು. ಕೋಣೆಯೆಲ್ಲ ಮಾವನ ಕಡೆ ನೋಡಿತು. ಅವರು ರುಮಾಲು ತೆಗೆದು, ಝಾಡಿಸಿ, ಮತ್ತೆ ಸುತ್ತಿಕೊಂಡರು. ಒಂದೇ ಒಂದು ಮಾತು ಬೇಕಾಗಿತ್ತು... ಮಾವ ಕೆಮ್ಮಿದರು. ಕೋಲು ಹಿಡಿದು ಎದ್ದರು. ಸೊಸೆಯ ಕಡೆ ನೋಡದೆ, ಹೆಂಗಸರು ಬಿಟ್ಟ ದಾರಿಯಲ್ಲಿ ನಡೆದು ಹೊರಗೆ ಹೋದರು.

ಆ ಮನೆಯನ್ನು ಬಲ್ಲವರಿಗೆ ಅದರ ಅರ್ಥ ಗೊತ್ತಿತ್ತು. ದಿನಾ ಮಧ್ಯಾಹ್ನ ಅವರು ಮನೆಯಲ್ಲೂ ಹೀಗೆಯೇ ಕೆಮ್ಮಿ ಪಡಸಾಲೆಯಿಂದ ಹೊರಗೆ ಹೋಗುತ್ತಿದ್ದರು, ಸೊಸೆ ಕೂತು ಉಣ್ಣಲಿ ಎಂದು. ಅವರಿಗೆ ತಿಳಿದ ಪ್ರೀತಿ ಅದು.

ಅಕ್ಕ ಕೂತಳು. ಕವರ್ ಜೋರಾಗಿ ಸದ್ದು ಮಾಡಿತು. ಕಿಟಕಿಯ ಹೆಂಗಸರ ಮುಖಗಳು ಅರಳಿದವು. ಆಕೆ ಹುನಗುಂದದಲ್ಲಿ ಇಟ್ಟ ಹಾಗೆಯೇ ಮೇಜಿನ ಮೇಲೆ ಮೊಣಕೈ ಇಟ್ಟು, ಬರಕೋ ತಂಗಿ, ಎಂದಳು. ನಾನು ಪೆನ್ನು ಎತ್ತಿದ್ದೆ.

ಕಿರಾಣಿ ಅಂಗಡಿಯ ಸದಸ್ಯ ಕೋಣೆಯ ತಲೆಗಳನ್ನು ನಿಧಾನವಾಗಿ ಎಣಿಸಿದ. ಕೋರಂ ಮುರೀತಲ್ಲ ಸಾಹೇಬ್ರ, ಎಂದ ಕಾರ್ಯದರ್ಶಿಗಳಿಗೆ. ನಾನು ಮಾವನನ್ನು ಕರೆಯಲು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ. ಅವನು ನನ್ನತ್ತ ನೋಡಿ ಕನಿಕರದಿಂದಲೇ ಹೇಳಿದ:

‘ಕರದ್ರ ಹಿರ್ಯಾರು ಬರ್ತಾರವಾ. ಅವರು ಬಂದ್ರ ಇವರು ಏಳ್ತಾರ. ಯಾವದು ಬೇಕ ಹೇಳ್ರಿ.’

ಅಕ್ಕನ ಕಡೆ ನೋಡಿದೆ. ಆಕೆ ಬಾಗಿಲನ್ನು ನೋಡುತ್ತಿದ್ದಳು. ಬ್ಯಾಡ ಬಿಡು, ಎಂದಳು. ಸಭೆ ಮುಗಿಯಿತು ಎಂದು ಕಾರ್ಯದರ್ಶಿಗಳು ಬರೆದರು. ತಿಂಗಳು ಮುಗಿಯಲು ಉಳಿದಿದ್ದ ದಿನಗಳಲ್ಲಿ ಇನ್ನೊಂದು ಸಭೆಗೆ ನೋಟೀಸು ಕೊಡಲು ಕಾಯ್ದೆಯಲ್ಲಿ ಅವಕಾಶ ಇರಲಿಲ್ಲ. ಆ ವಿಷಯದಲ್ಲಿ ಕಾಯ್ದೆ ಬಹಳ ಸ್ಪಷ್ಟವಾಗಿತ್ತು.

ಹೊರಗೆ ಬೇವಿನ ಗಿಡದ ಕಟ್ಟೆಯ ಮೇಲೆ ಮಾವ ಕೂತಿದ್ದರು. ಮುಖದಲ್ಲಿ ಏನೋ ಒಂದು ಸಮಾಧಾನ. ಬೇರೆ ಕಡೆ ನೋಡುತ್ತಲೇ ಕೇಳಿದರು:

‘ಆತೇನವಾ?’

‘ಆತ್ರಿ’ ಎಂದಳು ಅಕ್ಕ, ಸೆರಗು ಎಳೆದುಕೊಂಡು.

ಮನೆಗೆ ಹೋದ ಮೇಲೂ ಆಕೆ ಅವರಿಗೆ ನಿಜ ಹೇಳಲಿಲ್ಲ. ಅವರಿಗೆ ಹೇಳಬೇಡಿರೆಂದು ಊರಿನ ಹೆಂಗಸರನ್ನೂ ಕೇಳಿಕೊಂಡಳಂತೆ. ಅವರು ಆಡಿಕೊಳ್ಳುವುದಿದ್ದರೂ ಮುದುಕರ ಕಿವಿಗೆ ಬೀಳದಂತೆ ಆಡಿಕೊಂಡರು. ಗೋಡೆ ಏಕೆ ಏಳಲಿಲ್ಲ ಎಂದು ಮಾವ ಆಗಾಗ ಕೇಳುತ್ತಿದ್ದರು. ಮ್ಯಾಲಿಂದ ಬರಬೇಕ್ರಿ, ಎಂದು ಆಕೆ ಹೇಳುತ್ತಿದ್ದಳು. ಸರಕಾರವನ್ನು ಬೈದು ಅವರು ಸುಮ್ಮನಾಗುತ್ತಿದ್ದರು. ಆಕೆಯ ಅವಧಿ ಮುಗಿಯಿತು. ನನಗೆ ಮದುವೆಯಾಯಿತು, ಬಾದಾಮಿಗೆ ಬಂದೆ.

ಹತ್ತು ವರ್ಷದ ಮೇಲೆ ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ನನ್ನ ಹೆಸರು ಕೂಗುವುದನ್ನು ಕಾಯುತ್ತ ಕೂತಿದ್ದಾಗ, ತಂಗಿ, ಎಂದು ಯಾರೋ ಕರೆದರು. ಅಕ್ಕ. ಬೆಂಚಿನ ಮೇಲೆ ಒಂದು ಕಾಲು ನೀಡಿ ಕೂತಿದ್ದಳು. ಒಂದು ಮಳೆಗಾಲದ ಸಂಜೆ, ಅದೇ ರಸ್ತೆಯ ಅಂಚಿನಲ್ಲಿ, ಟ್ರ್ಯಾಕ್ಟರಿನ ಬೆಳಕಿಗೆ ಗಡಿಬಿಡಿಯಲ್ಲಿ ಏಳಲು ಹೋಗಿ ತಗ್ಗಿಗೆ ಜಾರಿದ್ದಳು. ಮುರಿದ ಮೊಣಕಾಲು ಸರಿಯಾಗಿ ಕೂಡಿಕೊಳ್ಳಲಿಲ್ಲ. ಮಾವ ಹಿಂದಿನ ವರ್ಷ ತೀರಿಕೊಂಡಿದ್ದರು. ಕೊನೆಯವರೆಗೂ ಏನೂ ಗೊತ್ತಿರಲಿಲ್ಲವೇ ಎಂದು ಕೇಳಿದೆ. ಇಲ್ಲ ಎಂದಳು. ನಾನು ಒಳ್ಳೆಯ ಮಾತು ಆಡಬೇಕೆಂದು, ಅವರ ಮನಸ್ಸು ನೋಯದ ಹಾಗೆ ನೋಡಿಕೊಂಡಿರಿ ಎಂದೆ. ಆಕೆ ತನ್ನ ಕಾಲನ್ನೇ ನೋಡಿಕೊಂಡಳು.

‘ನಾ ಅವತ್ತ ಅವರ ಮುಂದನ ಕುಂತಿದ್ರ ಏನಾಗ್ತಿತ್ತು ತಂಗಿ? ಒಂದೀಟು ಸಿಟ್ಟಾಗ್ತಿದ್ರು. ಸಂಜಿಗಿ ಉಣ್ಣಾಕ ಬರ್ತಿದ್ರು.’

ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ವಾಪಸ್ಸು ಬಂದಾಗ ಆಕೆ ಇರಲಿಲ್ಲ...

ನವನಗರದ ಅಂಗಡಿಯಿಂದ ನಾನು ಬರಿಗೈಯಲ್ಲಿ ಹೊರಗೆ ಬಂದು, ಬಾದಾಮಿಯ ಬಸ್ಸು ಬಿಟ್ಟು ಹುನಗುಂದದ ಬಸ್ಸು ಹತ್ತಿದೆ. ಇಂಥ ಕೆಲಸ ನಾನು ಮಾಡಿದವಳಲ್ಲ. ದಾರಿಯುದ್ದಕ್ಕೂ ಮನೆಯಲ್ಲಿ ಗ್ಯಾಸು ಆರಿಸಿದ್ದೆನೋ ಇಲ್ಲವೋ ಎಂದು ಯೋಚಿಸಿದೆ. ಆ ಊರಿನಲ್ಲಿ ಈಗ ಮನೆಮನೆಗೂ ತಗಡಿನ ಬಾಗಿಲಿನ ಪಾಯಖಾನೆಗಳಾಗಿವೆ. ನೀರು ಬಂದ ದಿನ ಬಳಸುತ್ತಾರೆ. ಬಾವಿಯ ಪಕ್ಕದ ಜಾಗದಲ್ಲಿ ಕಿರಾಣಿ ಅಂಗಡಿಯ ಗೋದಾಮು ಎದ್ದಿದೆ.

ಅಕ್ಕನ ಮನೆಗೆ ಹೋದೆ. ಆಕೆ ತೀರಿಕೊಂಡು ಎಂಟು ತಿಂಗಳಾಗಿತ್ತು. ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದಂಥ ನೆಂಟಳೂ ನಾನಲ್ಲ. ಅಕ್ಕನ ಸೊಸೆ ಪಡಸಾಲೆಯಲ್ಲಿ ನನಗೆ ಚಹಾ ಕೊಟ್ಟು, ಎದುರಿಗೆ ಕೂತು ಅತ್ತೆಯ ಬಗ್ಗೆ ದೂರು ಹೇಳಿದಳು. ಉಳಿದದ್ದಕ್ಕೆಲ್ಲ ದೇವರಂಥವರು, ಆದರೆ ಇದೊಂದಕ್ಕೆ ಬಹಳ ಕಾಡಿದರು. ಮಾವನ ಎದುರಿಗೆ ಕುಂದ್ರು, ಕೂತೇ ಉಣ್ಣು, ಕೂತೇ ಮಾತಾಡು ಎಂದು ಜುಲುಮೆ. ಭುಜ ಹಿಡಿದು ಒತ್ತಿ ಕೂರಿಸುತ್ತಿದ್ದರಂತೆ. ‘ನಾಚಿಕಿ ಬಂದು ಸಾಯ್ತಿದ್ದೆ ನೋಡ್ರಿ’ ಎಂದು ನಕ್ಕಳು.

ಅಂಗಳದಲ್ಲಿ ಹೆಜ್ಜೆ ಸದ್ದಾಯಿತು. ಅಕ್ಕನ ಗಂಡ, ಮೊದಲಿನಿಂದಲೂ ಮಾತಿಲ್ಲದ ಮನುಷ್ಯ, ಹೆಗಲ ಮೇಲಿನ ಕಂಬಳಿ ಇಳಿಸುತ್ತ ಒಳಗೆ ಬಂದ. ಸೊಸೆ ಸೆರಗು ತಲೆಗೆ ಎಳೆದುಕೊಂಡು ಎದ್ದು ನಿಂತಳು.

ಆತ ಹೊಸ್ತಿಲಲ್ಲೇ ತಡೆದ.

‘ಕುಂದ್ರವಾ’ ಎಂದ. ‘ಆಕಿ ಇಲ್ಲಂತ ಏಳಬ್ಯಾಡ.’

ಆ ಮನೆಯ ಗಂಡಸೊಬ್ಬನ ಬಾಯಲ್ಲಿ ಆ ಮಾತು ಬಂದೇ ಬಂತು. ಕೇಳಿಸಿಕೊಳ್ಳಬೇಕಾದವಳು ಇರಲಿಲ್ಲ.